ಪೆನ್ಷನ್ ಇದೆ, ಉಳಿತಾಯ ಇದೆ, ಬೆನಿಫಿಟ್ ಸಿಗುತ್ತಾ? ಬ್ರಿಟನ್ನಿನಲ್ಲಿ ನನ್ನ ಅನುಭವ

ಬ್ರಿಟನ್ನಿನಲ್ಲಿ ಕಾಯಿಲೆಯಿಂದ ಕೆಲಸ ಬಿಟ್ಟ ನಮ್ಮವರಲ್ಲಿ ಕೆಲವರು ಬೆನಿಫಿಟ್‌ಗೆ, ಅಂದರೆ ಸರ್ಕಾರ ಕೊಡುವ ನೆರವಿನ ಹಣಕ್ಕೆ, ಅರ್ಜಿಯನ್ನೇ ಹಾಕುವುದಿಲ್ಲ. ಕೇಳಿದರೆ, "ಪೆನ್ಷನ್ ಬರುತ್ತೆ, ಬ್ಯಾಂಕಲ್ಲಿ ದುಡ್ಡಿದೆ, ನಮಗೆಲ್ಲಿ ಕೊಡ್ತಾರೆ?" ಅನ್ನುತ್ತಾರೆ. ಈ ಮಾತು ಅರ್ಧ ಮಾತ್ರ ನಿಜ. ಯಾವ ಬೆನಿಫಿಟ್ ಅನ್ನುವುದರ ಮೇಲೆ ಎಲ್ಲ ನಿಂತಿದೆ. ಒಂದು ನಿಮ್ಮ ಹಣದ ಕಡೆ ನೋಡುವುದೇ ಇಲ್ಲ. ಇನ್ನೊಂದು ಪೆನ್ಷನ್ ಮಾತ್ರ ನೋಡುತ್ತದೆ. ಮತ್ತೊಂದು ಊರಲ್ಲಿರುವ ಸೈಟನ್ನೂ ಬಿಡುವುದಿಲ್ಲ.

ನಾನು ಇಂಗ್ಲೆಂಡಿನ ಒಂದು ಕೌನ್ಸಿಲ್‌ನಲ್ಲಿ, ಅಂದರೆ ಸ್ಥಳೀಯ ಆಡಳಿತದಲ್ಲಿ, ಕೆಲಸಕ್ಕಿದ್ದೆ. ರುಮಟಾಯ್ಡ್ ಸಂಧಿವಾತ ಬೆರಳು, ಮಂಡಿ ಎರಡನ್ನೂ ಹಿಡಿದ ಮೇಲೆ 58ಕ್ಕೆ ಆರೋಗ್ಯದ ಕಾರಣದಿಂದ ನಿವೃತ್ತಿ ಕೊಟ್ಟರು. ಪೆನ್ಷನ್ ವರ್ಷಕ್ಕೆ 7,540 ಪೌಂಡ್, ಅಂದರೆ ವಾರಕ್ಕೆ 145. ಜೊತೆಗೆ ಒಂದು ಇಡಿಗಂಟು. ಕೆಳಗೆ ಕೊಟ್ಟಿರುವ ದರಗಳು 2025-26ರವು. ಪ್ರತಿ ಏಪ್ರಿಲ್‌ನಲ್ಲಿ ಬದಲಾಗುತ್ತವೆ, ಅರ್ಜಿ ಹಾಕುವಾಗ ಹೊಸದನ್ನು ನೋಡಿಕೊಳ್ಳಿ.

ಮೊದಲು ಹಾಕಿದ್ದು ಪಿಪ್, ಅಂದರೆ ಪರ್ಸನಲ್ ಇಂಡಿಪೆಂಡೆನ್ಸ್ ಪೇಮೆಂಟ್. ಸ್ಕಾಟ್ಲೆಂಡಿನಲ್ಲಿ ಇದರ ಬದಲು ಅಡಲ್ಟ್ ಡಿಸೆಬಿಲಿಟಿ ಪೇಮೆಂಟ್ ಇದೆ. ಇದಕ್ಕೆ ಸಂಬಳ, ಪೆನ್ಷನ್, ಉಳಿತಾಯ ಯಾವುದೂ ಲೆಕ್ಕಕ್ಕಿಲ್ಲ. ಕೋಟಿ ಇದ್ದವನೂ ಕೇಳಬಹುದು. ತೆರಿಗೆಯೂ ಇಲ್ಲ. ಇಲ್ಲಿ ನೋಡುವುದು ನಿಮಗೆ ಏನು ಕಾಯಿಲೆ ಎಂದಲ್ಲ, ಅದರಿಂದ ದಿನದ ಕೆಲಸ ಹೇಗೆ ಕೆಟ್ಟಿದೆ ಎಂದು. ಅಡುಗೆ, ಸ್ನಾನ, ಬಟ್ಟೆ, ನಡಿಗೆ ಹೀಗೆ 12 ಚಟುವಟಿಕೆ. ಒಂದೊಂದಕ್ಕೂ ಅಂಕ. ನಮ್ಮವರು ಫಾರಂನಲ್ಲೂ "ಹೇಗೋ ಮಾಡ್ಕೋತೀನಿ" ಎಂದೇ ಬರೆಯುತ್ತಾರೆ. ಆ ಒಂದು ಮಾತಿಗೆ ಅಂಕ ಹೋಗುತ್ತದೆ. ಬೇರೆಯವರಿಗಿಂತ ಎರಡು ಪಟ್ಟಿಗಿಂತ ಜಾಸ್ತಿ ಹೊತ್ತು ಹಿಡಿದರೆ, ಅಥವಾ ಮಾಡಿದ ಮೇಲೆ ಮತ್ತೆ ಮಾಡಲು ಆಗದಿದ್ದರೆ, ಆ ಕೆಲಸ ನಿಮ್ಮಿಂದ ಆಗುವುದಿಲ್ಲ ಎಂದೇ ನಿಯಮ ಹೇಳುತ್ತದೆ. ನನಗೆ ದಿನದ ಕೆಲಸ, ಓಡಾಟ ಎರಡೂ ಭಾಗದಲ್ಲಿ ಕೆಳಗಿನ ದರ ಸಿಕ್ಕಿತು. 73.90 ಮತ್ತು 29.20, ಒಟ್ಟು ವಾರಕ್ಕೆ 103.10 ಪೌಂಡ್.

ಎರಡನೆಯದು ನ್ಯೂ ಸ್ಟೈಲ್ ಇಎಸ್‌ಎ, ಅಂದರೆ ಎಂಪ್ಲಾಯ್‌ಮೆಂಟ್ ಅಂಡ್ ಸಪೋರ್ಟ್ ಅಲೋವೆನ್ಸ್. ಕಾಯಿಲೆಯಿಂದ ಕೆಲಸ ಮಾಡಲಾಗದವರಿಗೆ ಕೊಡುವುದು. ಜನ ಹೆಚ್ಚು ಗೊಂದಲ ಮಾಡಿಕೊಳ್ಳುವುದು ಇಲ್ಲೇ. ಫೋನಿನಲ್ಲಿ ಸಿಕ್ಕ ಒಬ್ಬರು ನನಗೆ "16,000 ಪೌಂಡ್‌ಗಿಂತ ಜಾಸ್ತಿ ಉಳಿತಾಯ ಇದ್ದರೆ ಸಿಗಲ್ಲ" ಅಂದರು. ಅದು ಆದಾಯ ಕಮ್ಮಿ ಇರುವವರಿಗೆ ಕೊಡುವ ಯೂನಿವರ್ಸಲ್ ಕ್ರೆಡಿಟ್‌ನ ನಿಯಮ, ಇದರದ್ದಲ್ಲ. ಇಎಸ್‌ಎ ಬರುವುದು ನೀವು ಸಂಬಳದಿಂದ ಕಟ್ಟಿದ ನ್ಯಾಷನಲ್ ಇನ್ಶುರೆನ್ಸ್ ವಂತಿಗೆಯ ಮೇಲೆ. ಉಳಿತಾಯ ನೋಡುವುದಿಲ್ಲ, ಹೆಂಡತಿಯ ಸಂಬಳ ನೋಡುವುದಿಲ್ಲ. ನೋಡುವುದು ಪೆನ್ಷನ್ ಮಾತ್ರ. ಅದೂ ವಾರಕ್ಕೆ 85 ಪೌಂಡ್ ದಾಟಿದರೆ. ದಾಟಿದ ಹಣದಲ್ಲಿ ಅರ್ಧ ಕಡಿತ. ತೆರಿಗೆ ಹಿಡಿಯುವ ಮುಂಚಿನ ಮೊತ್ತ ಲೆಕ್ಕಕ್ಕೆ ಬರುತ್ತದೆ, ಕೈಗೆ ಬಂದದ್ದಲ್ಲ.

ನನ್ನದೇ ಲೆಕ್ಕ ನೋಡಿ. 145ರಲ್ಲಿ 85 ಕಳೆದರೆ 60. ಅದರ ಅರ್ಧ 30. ಮೊದಲ 13 ವಾರ ಪರಿಶೀಲನೆಯ ಅವಧಿ, ಆಗ ದರ 92.05. ಕೈಗೆ ಬಂದದ್ದು 62.05. ಆಮೇಲೆ ನನ್ನನ್ನು ಕೆಲಸಕ್ಕೆ ಹೋಗಲಾಗದವರ ಸಪೋರ್ಟ್ ಗ್ರೂಪ್‌ಗೆ ಹಾಕಿದರು. ದರ 140.55 ಆಯಿತು, 30 ಹೋಗಿ 110.55. ಸಪೋರ್ಟ್ ಗ್ರೂಪ್‌ನವರಿಗೆ ಕಾಲಮಿತಿ ಇಲ್ಲ. ಇನ್ನೊಂದು ಗುಂಪಿಗೆ, ಅಂದರೆ ಮುಂದೆ ಕೆಲಸಕ್ಕೆ ಹೋಗಬಹುದು ಎಂದು ಅವರು ಅಂದುಕೊಂಡವರಿಗೆ, 365 ದಿನ ಮಾತ್ರ.

ಇಎಸ್‌ಎಗೆ ತೆರಿಗೆ ಇದೆ ಅನ್ನುವುದನ್ನು ಯಾರೂ ಮೊದಲೇ ಹೇಳುವುದಿಲ್ಲ. ಪೆನ್ಷನ್ 7,540, ಇಎಸ್‌ಎ ವರ್ಷಕ್ಕೆ ಸುಮಾರು 5,749. ಎರಡೂ ಸೇರಿ ತೆರಿಗೆ ಇಲ್ಲದ 12,570ರ ಮಿತಿ ದಾಟಿತು. ವರ್ಷಕ್ಕೆ ಸುಮಾರು 144 ಪೌಂಡ್ ತೆರಿಗೆ. ಅದನ್ನು ಪೆನ್ಷನ್‌ನಲ್ಲೇ ಹಿಡಿಯುತ್ತಾರೆ. ಒಂದು ತಿಂಗಳು ಪೆನ್ಷನ್ ಸುಮ್ನೆ ಕಮ್ಮಿ ಆದ ಹಾಗೆ ಕಂಡರೆ, ಎಷ್ಟು ತೆರಿಗೆ ಹಿಡಿಯಬೇಕೆಂದು ತೋರಿಸುವ ಟ್ಯಾಕ್ಸ್ ಕೋಡ್ ನೋಡಿ.

ಪೆನ್ಷನ್ ದೊಡ್ಡದಿದ್ದು ಇಎಸ್‌ಎ ಪೂರ್ತಿ ಸೊನ್ನೆ ಆದರೂ ಅರ್ಜಿ ಹಾಕುವುದು ಒಳ್ಳೆಯದು. ನ್ಯಾಷನಲ್ ಇನ್ಶುರೆನ್ಸ್ ಕ್ರೆಡಿಟ್ ಸಿಗುತ್ತದೆ, ಅಂದರೆ ಕಟ್ಟದಿದ್ದರೂ ಕಟ್ಟಿದ ಹಾಗೆ ಲೆಕ್ಕ. ಇಲ್ಲಿನ ಸರ್ಕಾರ ವಯಸ್ಸಾದವರಿಗೆ ಕೊಡುವ ಹೊಸ ಸ್ಟೇಟ್ ಪೆನ್ಷನ್ ಪೂರ್ತಿ ಸಿಗಲು ಸಾಮಾನ್ಯವಾಗಿ 35 ವರ್ಷ ಬೇಕು. ಊರಲ್ಲಿ ಹತ್ತು ಹದಿನೈದು ವರ್ಷ ದುಡಿದು ಬಂದ ನಮ್ಮಂಥವರಿಗೆ ಆ ವರ್ಷಗಳು ಇಲ್ಲಿ ಸೇರುವುದಿಲ್ಲ. ಹಾಗಾಗಿ ಒಂದೊಂದು ಕ್ರೆಡಿಟ್ ವರ್ಷಕ್ಕೂ ಬೆಲೆ ಇದೆ. ತಡ ಮಾಡಬೇಡಿ. ಇತ್ತೀಚಿನ ವರ್ಷಗಳಲ್ಲಿ ಕಟ್ಟಿದ್ದನ್ನೇ ನೋಡುವುದರಿಂದ, ಕೆಲಸ ಬಿಟ್ಟು ಜಾಸ್ತಿ ದಿನ ಕಳೆದರೆ ಅರ್ಹತೆಯೇ ಹೋಗುತ್ತದೆ. ಹಿಂದಿನದನ್ನು ಕೇಳಬಹುದಾದದ್ದು ಮೂರು ತಿಂಗಳವರೆಗೆ ಮಾತ್ರ. ವೀಸಾ ಮೇಲೆ ಇರುವವರಿಗೂ ಒಂದು ಮಾತು: ಪಬ್ಲಿಕ್ ಫಂಡ್ಸ್ (ಸರ್ಕಾರಿ ನೆರವು) ಪಡೆಯುವ ಹಾಗಿಲ್ಲ ಎಂದು ವೀಸಾದಲ್ಲಿದ್ದರೆ ಪಿಪ್ ಇಲ್ಲ, ಯೂನಿವರ್ಸಲ್ ಕ್ರೆಡಿಟ್ ಇಲ್ಲ. ಆದರೆ ಈ ಇಎಸ್‌ಎ ನೀವು ಕಟ್ಟಿದ ದುಡ್ಡಿನದು, ಆ ಪಟ್ಟಿಯಲ್ಲಿಲ್ಲ.

ಇನ್ನು ಯೂನಿವರ್ಸಲ್ ಕ್ರೆಡಿಟ್. ಇದು ಎಲ್ಲವನ್ನೂ ನೋಡುತ್ತದೆ, ಗಂಡ ಹೆಂಡತಿ ಇಬ್ಬರದನ್ನೂ ಸೇರಿಸಿ. ಪೆನ್ಷನ್ ಒಂದು ಪೌಂಡ್ ಬಂದರೆ ಒಂದು ಪೌಂಡ್ ಕಡಿತ. ಇಎಸ್‌ಎ ಕೂಡ ಹಾಗೇ. ಪಿಪ್ ಮಾತ್ರ ಕಡಿತ ಆಗುವುದಿಲ್ಲ. ಉಳಿತಾಯ 6,000 ಪೌಂಡ್‌ವರೆಗೆ ಪರವಾಗಿಲ್ಲ. ಅದರ ಮೇಲೆ ಪ್ರತಿ 250ಕ್ಕೆ, ಅಥವಾ ಅದರ ಚೂರಿಗೂ, ತಿಂಗಳಿಗೆ 4.35 ಆದಾಯ ಇದೆ ಎಂದು ಹಿಡಿಯುತ್ತಾರೆ. 9,100 ಇದ್ದರೆ 56.55 ಕಡಿತ. 16,000 ದಾಟಿದರೆ ಏನೂ ಇಲ್ಲ.

ನಮ್ಮ ಉಳಿತಾಯ, ಇಡಿಗಂಟು ಸೇರಿ ಮಿತಿ ದಾಟಿತ್ತು. ಅದು ಖರ್ಚಾಗಿ ಕಮ್ಮಿಯಾದ ಮೇಲೆ ಕೇಳಬಹುದಲ್ವಾ ಎಂಬ ಮಾತು ಮನೆಯಲ್ಲಿ ಬಂತು. ಆಗ ಹೆಂಡತಿ ಕೇಳಿದಳು, "ರೀ, ಮೈಸೂರಿನ ಸೈಟ್ ವಿಷಯ ಹೇಳಲೇಬೇಕಾ? ಅದು ಇವರಿಗೆ ಹೇಗೆ ಗೊತ್ತಾಗುತ್ತೆ?" ಹೇಳಲೇಬೇಕು. ನಾವು ಇರುವ ಮನೆ ಲೆಕ್ಕಕ್ಕಿಲ್ಲ, ಆದರೆ ಇಂಡಿಯಾದಲ್ಲಿರುವ ಸೈಟು, ಎಫ್.ಡಿ., ಎನ್‌ಆರ್‌ಒ ಖಾತೆ ಎಲ್ಲ ಬಂಡವಾಳವೇ. ಆಸ್ತಿಯಾದರೆ ಅಲ್ಲಿನ ಮಾರುಕಟ್ಟೆ ಬೆಲೆ, ಅದರಲ್ಲಿ ಮಾರುವ ಖರ್ಚಿಗೆ ಹತ್ತನೇ ಒಂದು ಭಾಗ ಕಳೆಯುತ್ತಾರೆ. 16,000 ಪೌಂಡ್ ಅಂದರೆ ಸುಮಾರು 18-20 ಲಕ್ಷ ರೂಪಾಯಿ. ಇವತ್ತು ಆ ಬೆಲೆಗೆ ಮೈಸೂರಲ್ಲಿ ಒಂದು ಒಳ್ಳೆ ಸೈಟು ಎಲ್ಲಿದೆ? ಅಲ್ಲಿಗೆ ನಮ್ಮ ಪ್ರಶ್ನೆ ಮುಗಿಯಿತು. ತಮ್ಮನ ಹೆಸರಿಗೆ ಬರೆದುಕೊಟ್ಟರೆ ಆಯಿತಲ್ಲ ಎಂದು ಸಲಹೆ ಕೊಡುವವರಿದ್ದಾರೆ. ಬೆನಿಫಿಟ್‌ಗಾಗಿ ಕೊಟ್ಟಿದ್ದು ಎಂದು ತೀರ್ಮಾನವಾದರೆ, ಅದು ಇನ್ನೂ ನಿಮ್ಮ ಹತ್ತಿರವೇ ಇದೆ ಎಂದು ಲೆಕ್ಕ ಹಾಕುತ್ತಾರೆ. ಆದರೆ ನಿಮ್ಮ ಹೆಸರಿನ ಮನೆಯಲ್ಲಿ ವಯಸ್ಸಾದ ಅಪ್ಪ ಅಮ್ಮ ವಾಸ ಇದ್ದರೆ ಅದಕ್ಕೆ ವಿನಾಯಿತಿ ಇದೆ. ದಾಖಲೆ ಇಟ್ಟುಕೊಂಡಿರಿ.

ಇಡಿಗಂಟು ಎಷ್ಟು ತೆಗೆದುಕೊಳ್ಳಬೇಕು ಎಂಬ ಪ್ರಶ್ನೆಯೂ ಇಲ್ಲೇ ಬರುತ್ತದೆ. ಕೌನ್ಸಿಲ್ ಸ್ಕೀಮಿನಲ್ಲಿ ವರ್ಷದ 1 ಪೌಂಡ್ ಪೆನ್ಷನ್ ಬಿಟ್ಟರೆ 12 ಪೌಂಡ್ ಒಟ್ಟಿಗೆ ಕೊಡುತ್ತಾರೆ. ಪೆನ್ಷನ್ ಇಳಿದರೆ ಇಎಸ್‌ಎ ಕಡಿತವೂ ಇಳಿಯುತ್ತದೆ, ಇಡಿಗಂಟಿಗೆ ಇಎಸ್‌ಎ ತಲೆ ಕೆಡಿಸಿಕೊಳ್ಳುವುದಿಲ್ಲ. ಯೂನಿವರ್ಸಲ್ ಕ್ರೆಡಿಟ್ ಕೇಳುವವರಿಗೆ ಇದೇ ಉಲ್ಟಾ ಹೊಡೆಯುತ್ತದೆ. ನಾನು ಸ್ವಲ್ಪವೇ ತೆಗೆದುಕೊಂಡೆ. ಇಎಸ್‌ಎ ಸ್ಟೇಟ್ ಪೆನ್ಷನ್ ವಯಸ್ಸಿಗೆ ನಿಲ್ಲುತ್ತದೆ, ಪೆನ್ಷನ್ ಕೊನೆವರೆಗೆ ಬರುತ್ತದೆ. ವಾರಕ್ಕೆ ಹತ್ತಿಪ್ಪತ್ತು ಪೌಂಡ್ ಉಳಿಸಲು ಅದನ್ನು ಕತ್ತರಿಸುವುದು ನನಗೆ ಸರಿ ಕಾಣಲಿಲ್ಲ.

ಸ್ಟೇಟ್ ಪೆನ್ಷನ್ ವಯಸ್ಸು 66ರಿಂದ ಏರುತ್ತಾ 2028ರ ಹೊತ್ತಿಗೆ 67 ಆಗುತ್ತದೆ. ಅಷ್ಟರೊಳಗೆ ಪಿಪ್ ಪಡೆದವರಿಗೆ ಅರ್ಹತೆ ಇರುವಷ್ಟು ಕಾಲ ಅದು ಮುಂದುವರಿಯುತ್ತದೆ, ಓಡಾಟದ ಭಾಗವೂ ಸೇರಿ. ಆಮೇಲೆ ಹೊಸದಾಗಿ ಹಾಕುವವರಿಗೆ ಅಟೆಂಡೆನ್ಸ್ ಅಲೋವೆನ್ಸ್. ಅದಕ್ಕೂ ಉಳಿತಾಯದ ಮಿತಿ ಇಲ್ಲ, ಆದರೆ ಓಡಾಟಕ್ಕೆ ಹಣ ಕೊಡುವುದಿಲ್ಲ. ನಮ್ಮ ಭಾವನಿಗೆ 65. ಪಾರ್ಕಿನ್ಸನ್ ಇದೆ, ದೊಡ್ಡ ಪೆನ್ಷನ್ ಇದೆ, ಬ್ಯಾಂಕಿನಲ್ಲಿ ಸಾಕಷ್ಟು ದುಡ್ಡೂ ಇದೆ. ಅವರ ಪಿಪ್ ಫಾರಂ ಹೋದ ವಾರ ಕೂತು ತುಂಬಿಸಿ ಕಳಿಸಿದೆವು.