ಐಟಂಗಳಿಗೆ ಕೋಡ್ ಹೊಂದಿಸುವ ಲುಕಪ್ ಸೂತ್ರಗಳು: ನನ್ನ ಅನುಭವ

ದಾಸ್ತಾನು ಲೆಕ್ಕದ ಕೆಲಸದಲ್ಲಿ ನನ್ನ ಮುಂದೆ ಸದಾ ಎರಡು ಎಕ್ಸೆಲ್ ಶೀಟ್‌ಗಳಿರುತ್ತವೆ. ಒಂದು, ಪ್ರತಿ ಐಟಂನ ಕೋಡ್, ಹೆಸರು ಮತ್ತು ದರ ಇರುವ ಮಾಸ್ಟರ್ ಪಟ್ಟಿ. ಇನ್ನೊಂದು, ಕೋಡ್ ಮತ್ತು ಪ್ರಮಾಣ ಮಾತ್ರ ಇರುವ ವಹಿವಾಟಿನ ಪಟ್ಟಿ. ಮಾಸ್ಟರ್‌ನಲ್ಲಿರುವ ಹೆಸರು, ದರಗಳನ್ನು ವಹಿವಾಟಿನ ಪ್ರತಿ ಸಾಲಿನ ಎದುರು ತಂದು ಕೂರಿಸಲು ನಾನು ಮೊದಲು ಬಳಸಿದ್ದು ವಿಲುಕಪ್ (VLOOKUP) ಎಂಬ ಸೂತ್ರ.

ಈ ಸೂತ್ರಕ್ಕೆ ಹುಡುಕಬೇಕಾದ ಕೋಡ್, ಹುಡುಕುವ ಪಟ್ಟಿ, ಬೇಕಾದ ಕಾಲಂನ ಸಂಖ್ಯೆ ಮತ್ತು ಹೊಂದಾಣಿಕೆಯ ಬಗೆ ಎಂಬ ನಾಲ್ಕು ವಿವರಗಳನ್ನು ಕೊಡಬೇಕು. ಕೊನೆಯದನ್ನು ಬಿಟ್ಟರೂ ಸೂತ್ರ ಕೆಲಸ ಮಾಡುತ್ತದೆ, ಅಪಾಯವಿರುವುದೂ ಅಲ್ಲಿಯೇ. ಆಗ ಅದು ಸಮೀಪದ ಹೊಂದಾಣಿಕೆಯನ್ನು ಹುಡುಕುತ್ತದೆ. ಏರಿಕೆಯ ಕ್ರಮದಲ್ಲಿರುವ ಮಾಸ್ಟರ್‌ನಲ್ಲಿ 1047 ಇಲ್ಲದೆ 1045ರ ನಂತರ 1050 ಇದ್ದರೆ, 1047ರ ಎದುರು 1045ರ ದರ ಬಂದು ಕೂರುತ್ತದೆ, ಯಾವ ದೋಷಸೂಚನೆಯೂ ಬರುವುದಿಲ್ಲ. ಆದ್ದರಿಂದ ಕೋಡ್ ಹೊಂದಿಸುವಾಗ ನಾಲ್ಕನೆಯ ಜಾಗದಲ್ಲಿ ನಿಖರ ಹೊಂದಾಣಿಕೆಯನ್ನು ಸೂಚಿಸುವ ಫಾಲ್ಸ್ (FALSE) ಅಥವಾ 0 ಎಂದು ತಪ್ಪದೆ ಬರೆಯುತ್ತೇನೆ.

ಸೂತ್ರ ಕಲಿಯುವುದು ಈ ಕೆಲಸದ ಸಣ್ಣ ಪಾಲು. ಹೆಚ್ಚಿನ ಶ್ರಮ ಬೇಡುವುದು ಎರಡೂ ಕಡೆಯ ಕೋಡ್‌ಗಳನ್ನು ಒಂದೇ ರೂಪಕ್ಕೆ ತರುವುದು. ಮಾಸ್ಟರ್‌ನಲ್ಲಿ 00472 ಎಂಬುದು ಪಠ್ಯವಾಗಿದ್ದು, ವಹಿವಾಟಿನಲ್ಲಿ ಅದೇ ಕೋಡ್ ಮುಂದಿನ ಸೊನ್ನೆಗಳನ್ನು ಕಳೆದುಕೊಂಡು 472 ಎಂಬ ಸಂಖ್ಯೆಯಾಗಿ ಕುಳಿತಿದ್ದರೆ, ನಮಗೆ ಅವು ಒಂದೇ ಅನ್ನಿಸಿದರೂ ಸೂತ್ರಕ್ಕೆ ಬೇರೆ ಬೇರೆ. ಜೋಡಣೆಯನ್ನು ಯಾರೂ ಬದಲಿಸಿರದಿದ್ದರೆ ಪಠ್ಯ ಸೆಲ್‌ನ ಎಡಕ್ಕೂ ಸಂಖ್ಯೆ ಬಲಕ್ಕೂ ಒತ್ತಿಕೊಂಡಿರುತ್ತದೆ. ನನ್ನ ಕಣ್ಣು ಮೊದಲು ಹೋಗುವುದು ಅಲ್ಲಿಗೆ. ಎಲ್ಲ ಕೋಡ್‌ಗಳೂ ಐದಂಕಿಯವೇ ಆಗಿದ್ದರೆ, ಟೆಕ್ಸ್ಟ್ ಫಂಕ್ಷನ್‌ಗೆ ಐದು ಸೊನ್ನೆಗಳ ಮಾದರಿ ಕೊಟ್ಟರೆ 472 ಮತ್ತೆ 00472 ಆಗುತ್ತದೆ. ಆದರೆ 12E3 ಎಂಬಂಥ ಕೋಡನ್ನು ಎಕ್ಸೆಲ್ 12000 ಎಂದು ಓದಿಕೊಂಡ ಮೇಲೆ, ಅಥವಾ ಹದಿನೈದು ಅಂಕಿಗಳನ್ನು ಮೀರಿದ ಕೋಡ್‌ನ ಕೊನೆಯ ಅಂಕಿಗಳು ಸೊನ್ನೆಗಳಾದ ಮೇಲೆ, ಫಾರ್ಮ್ಯಾಟ್ ಬದಲಿಸಿದರೂ ಮೂಲ ಮರಳುವುದಿಲ್ಲ. ಹಾಗಾಗಿ ಫೈಲನ್ನು ಒಳತರುವಾಗಲೇ ಕೋಡ್ ಕಾಲಂ ಪಠ್ಯವೆಂದು ಗುರುತಿಸುವುದು ಒಳ್ಳೆಯದು.

ಕಣ್ಣಿಗೆ ಬೀಳದ ಖಾಲಿ ಜಾಗಗಳು ಇನ್ನೊಂದು ತೊಡಕು. ಹಿಂದೆ ಮುಂದೆ ಉಳಿದ ಸಾಮಾನ್ಯ ಸ್ಪೇಸ್‌ಗಳನ್ನು ಟ್ರಿಮ್ ತೆಗೆಯುತ್ತದೆ, ಆದರೆ ವೆಬ್ ಪುಟಗಳಿಂದ ನಕಲಿಸಿದ ಪಟ್ಟಿಗಳ ಜೊತೆ ಬರುವ, ಅಕ್ಷರ ಸಂಕೇತ 160 ಇರುವ ಬೇರೆ ಬಗೆಯ ಸ್ಪೇಸ್ ಅದಕ್ಕೆ ಜಗ್ಗುವುದಿಲ್ಲ. ಐದಕ್ಷರದ ಕೋಡ್‌ಗೆ, ಅಕ್ಷರಗಳನ್ನು ಎಣಿಸುವ ಲೆನ್ ಫಂಕ್ಷನ್ ಆರು ಎಂದು ತೋರಿಸಿದರೆ ಅನುಮಾನ ಪಟ್ಟು, ಸಬ್‌ಸ್ಟಿಟ್ಯೂಟ್‌ನಿಂದ ಆ ಅಕ್ಷರವನ್ನು ಅಳಿಸುತ್ತೇನೆ. ಈ ಶುದ್ಧೀಕರಣವೆಲ್ಲ ಎರಡೂ ಶೀಟ್‌ಗಳಲ್ಲಿ ಪ್ರತ್ಯೇಕ ಕಾಲಂನಲ್ಲೇ ನಡೆಯುತ್ತದೆ, ಮೂಲ ಕೋಡ್ ಇದ್ದ ಹಾಗೆಯೇ ಉಳಿಯುತ್ತದೆ.

ಒಂದೇ ಕೋಡ್ ಮಾಸ್ಟರ್‌ನಲ್ಲಿ ಎರಡು ಸಲ ಇದ್ದರೆ ವಿಲುಕಪ್ ಮೊದಲನೆಯದನ್ನು ಮಾತ್ರ ಕೊಡುತ್ತದೆ. ಇದಕ್ಕಾಗಿ ಒಂದು ಕೋಡ್ ಎಷ್ಟು ಸಲ ಇದೆ ಎಂದು ಎಣಿಸುವ ಕೌಂಟ್‌ಇಫ್ ಓಡಿಸಿ ನೋಡುವುದುಂಟು. ಅದು 00472 ಮತ್ತು 472 ಎಂಬ ಎರಡು ಬೇರೆ ಕೋಡ್‌ಗಳನ್ನೂ ಒಂದೆಂದೇ ಎಣಿಸುತ್ತದೆ ಎಂಬುದನ್ನು ನೆನಪಿಟ್ಟುಕೊಳ್ಳಬೇಕು.

ಮಾಸ್ಟರ್‌ನ ನಡುವೆ ಯಾರಾದರೂ ಹೊಸ ಕಾಲಂ ಸೇರಿಸಿದರೆ ವಿಲುಕಪ್‌ನ ಕಾಲಂ ಸಂಖ್ಯೆ ತಪ್ಪುತ್ತದೆ; ಕೋಡ್‌ನ ಎಡಗಡೆ ಇರುವುದನ್ನು ತರಲೂ ಅದಕ್ಕೆ ಬರುವುದಿಲ್ಲ. ಕೋಡ್ ಯಾವ ಸಾಲಿನಲ್ಲಿದೆ ಎಂದು ಮ್ಯಾಚ್ ಹುಡುಕಿ, ಆ ಸಾಲಿನ ವಿವರವನ್ನು ಇಂಡೆಕ್ಸ್ ತರುವ ಇಂಡೆಕ್ಸ್ ಮತ್ತು ಮ್ಯಾಚ್ ಜೋಡಿಗೆ ಈ ಎರಡೂ ತೊಂದರೆಗಳಿಲ್ಲ. ಮೈಕ್ರೋಸಾಫ್ಟ್ 2019ರಲ್ಲಿ ಪ್ರಕಟಿಸಿದ ಎಕ್ಸ್‌ಲುಕಪ್‌ಗೂ ಇಲ್ಲ, ಜೊತೆಗೆ ಅದು ನಾವು ಹೇಳದಿದ್ದರೂ ನಿಖರ ಹೊಂದಾಣಿಕೆಯನ್ನೇ ಹುಡುಕುತ್ತದೆ. ಆದರೆ ಎಕ್ಸೆಲ್ 2019 ಅಥವಾ ಅದಕ್ಕಿಂತ ಹಳೆಯ ಆವೃತ್ತಿ ಇರುವವರಿಗೆ ಕಳಿಸುವ ಫೈಲ್‌ನಲ್ಲಿ ಇಂಡೆಕ್ಸ್, ಮ್ಯಾಚ್ ಬಳಸುತ್ತೇನೆ.

ಕೋಡ್ ಸಿಗದೆ ಬರುವ ಎನ್‌ಎ (#N/A) ದೋಷವನ್ನು, ಯಾವ ದೋಷವನ್ನಾದರೂ ಹಿಡಿಯುವ ಇಫ್‌ಎರರ್‌ನಿಂದ ಸೊನ್ನೆ ಮಾಡುವುದನ್ನು ನಾನು ಒಪ್ಪುವುದಿಲ್ಲ. ಆ ಸೊನ್ನೆ ದರವೆಂದೇ ಒಟ್ಟು ಮೊತ್ತದೊಳಗೆ ಸೇರಿಹೋಗುತ್ತದೆ, ಸೂತ್ರದಲ್ಲಿ ಬೇರೆ ತಪ್ಪುಗಳಿದ್ದರೆ ಅವೂ ಮರೆಯಾಗುತ್ತವೆ. ಬದಲಿಗೆ ಎನ್‌ಎ ದೋಷವನ್ನು ಮಾತ್ರ ಹಿಡಿಯುವ ಇಫ್‌ಎನ್‌ಎ ಬಳಸಿ ‘ಮಾಸ್ಟರ್‌ನಲ್ಲಿ ಇಲ್ಲ’ ಎಂದು ಬರೆಸುತ್ತೇನೆ. ಆ ಸಾಲುಗಳನ್ನು ಫಿಲ್ಟರ್ ಮಾಡಿ ಮಾಸ್ಟರ್ ನೋಡಿಕೊಳ್ಳುವವರಿಗೆ ಕಳಿಸಿ, ಅವರಿಂದ ಕೋಡ್ ಸೇರ್ಪಡೆಯಾಗಿ ಬಂದ ಮೇಲಷ್ಟೇ ಮೊತ್ತ ಕೂಡುತ್ತೇನೆ.