ಕತ್ತಲ ಗುಹೆಯಲ್ಲಿ ಓಲ್ಮ್ ಮರಿ ಮಾಡುವುದು ಹೇಗೆ?

ಯುರೋಪಿನ ಸ್ಲೊವೇನಿಯಾ ದೇಶದ ಪೊಸ್ಟೋಯ್ನಾ ಗುಹೆಯಲ್ಲಿ ಓಲ್ಮ್ ಎಂಬ ಸಾಲಮಾಂಡರ್ (ಕಪ್ಪೆಯ ಬಳಗದ, ಬಾಲವಿರುವ ಉಭಯವಾಸಿ) ಇದೆ. ಗೇಣಿಗಿಂತ ಸ್ವಲ್ಪ ಜಾಸ್ತಿ ಉದ್ದ. ಮಾಸಲು ಗುಲಾಬಿ ಮೈ, ಕತ್ತಿನ ಎರಡೂ ಪಕ್ಕ ಕೆಂಪು ಕಿವಿರಿನ ಕುಚ್ಚು, ಮುಂಗಾಲಿಗೆ ಮೂರು ಬೆರಳು, ಹಿಂಗಾಲಿಗೆ ಎರಡೇ. ಕಣ್ಣು ಚರ್ಮದಡಿ ಹೂತುಹೋಗಿದೆ. ಬದುಕೆಲ್ಲ ನೀರಲ್ಲೇ, ಕತ್ತಲಲ್ಲೇ. ಹಾಗಿದ್ದರೆ ಗಂಡಿಗೆ ಹೆಣ್ಣು ಸಿಗುವುದಾದರೂ ಹೇಗೆ?

ಮೊದಲು ವಯಸ್ಸಿಗೆ ಬರಬೇಕು. ಅದಕ್ಕೇ ಸುಮಾರು 15 ವರ್ಷ ಬೇಕು! ಫ್ರಾನ್ಸಿನ ಮೂಲಿಸ್ ಎಂಬಲ್ಲಿ ವಿಜ್ಞಾನಿಗಳು 1950ರ ದಶಕದಿಂದ ಗುಹೆಯೊಳಗೇ ಓಲ್ಮ್ ಸಾಕುತ್ತಿದ್ದಾರೆ. ಅಲ್ಲಿನ ಲೆಕ್ಕದ ಪ್ರಕಾರ ಹೆಣ್ಣು ಒಂದು ಸಲಕ್ಕೆ ಸರಾಸರಿ 35 ಮೊಟ್ಟೆ ಇಡುತ್ತದೆ. ಮುಂದಿನ ಸಲಕ್ಕೆ ಮತ್ತೆ 12 ವರ್ಷಕ್ಕೂ ಮೇಲೆ ಕಾಯಬೇಕು. ಗುಹೆಯಲ್ಲಿ ತಿನ್ನಲು ಸಿಗುವುದೇ ಅಪರೂಪ, ನೀರೂ ತಣ್ಣಗೆ, ಹೊಟ್ಟೆಯಲ್ಲಿ ಮೊಟ್ಟೆ ಬಲಿಯಲು ವರ್ಷಗಟ್ಟಲೆ ಹಿಡಿಯುತ್ತದೆ. ವಯಸ್ಸಿಗೆ ಬಂದ ಓಲ್ಮ್ ಸರಾಸರಿ 68 ವರ್ಷ ಬಾಳುತ್ತದಂತೆ, ಅವಸರ ಯಾಕೆ ಅಲ್ವಾ?

ಆಮೇಲೆ ಜಾಗ ಹಿಡಿಯುವ ಕೆಲಸ. ಬೇರೆ ದಿನಗಳಲ್ಲಿ ಓಲ್ಮ್‌ಗಳು ಕಲ್ಲಿನ ಸಂದಿಯಲ್ಲಿ ಒಂದರ ಮೇಲೊಂದು ಬಿದ್ದುಕೊಂಡು ಸುಮ್ನೆ ಇರುತ್ತವೆ. ಬೆದೆಗೆ ಬಂದ ಗಂಡು ಮಾತ್ರ ಒಂದು ಮೂಲೆ ತನ್ನದು ಅಂತ ಹಿಡಿದು, ಹತ್ತಿರ ಬಂದ ಬೇರೆ ಗಂಡಿನ ಜೊತೆ ಜಗಳಕ್ಕೇ ಬೀಳುತ್ತದೆ.

ಆ ಮೂಲೆಗೆ ಹೆಣ್ಣು ಬಂತು ಅನ್ನಿ. ನನಗೆ ಅತಿ ಇಷ್ಟವಾಗುವ ಭಾಗ ಇದೇ. ಬಣ್ಣ ತೋರಿಸಿ ಉಪಯೋಗವಿಲ್ಲ, ಹಾಡಲೂ ಬರುವುದಿಲ್ಲ, ಹಾಗಾಗಿ ಗಂಡು ಬಾಲವನ್ನು ಬೀಸಣಿಗೆಯಂತೆ ಅಲ್ಲಾಡಿಸಿ ತನ್ನ ವಾಸನೆಯನ್ನು ನೀರಿನ ಮೂಲಕ ಹೆಣ್ಣಿನ ಮೂಗಿಗೆ ತಳ್ಳುತ್ತದೆ. ಹೆಣ್ಣು ಒಪ್ಪಿದರೆ ಮೂತಿಯಿಂದ ಗಂಡಿನ ಬಾಲದ ಬುಡವನ್ನು ಮುಟ್ಟುತ್ತದೆ. ಗಂಡು ನಿಧಾನಕ್ಕೆ ಮುಂದೆ ಸಾಗುತ್ತದೆ, ಹೆಣ್ಣು ಅದರ ಬೆನ್ನಿಗೇ. ಗಂಡು ವೀರ್ಯದ ಸಣ್ಣ ಗಂಟೊಂದನ್ನು ನೆಲಕ್ಕೆ ಅಂಟಿಸಿ ಮುಂದೆ ಹೋಗುತ್ತದೆ. ಹಿಂದೆ ಬರುವ ಹೆಣ್ಣು ಅದರ ಮೇಲೆ ಬಂದು ನಿಂತು ತನ್ನ ದ್ವಾರದಿಂದ ಒಳಕ್ಕೆ ಎಳೆದುಕೊಳ್ಳುತ್ತದೆ. ಕೂಡುವುದು ಅಂದರೆ ಇಷ್ಟೇ. ಮೊಟ್ಟೆ ಫಲಿಸುವುದು ಹೆಣ್ಣಿನ ಮೈಯೊಳಗೆ.

ಇನ್ನು ಮೊಟ್ಟೆ ಇಡುವುದು. ಹೆಣ್ಣು ಕಲ್ಲಿನ ಅಡಿಗೆ ಒಂದೊಂದೇ ಮೊಟ್ಟೆ ಅಂಟಿಸಿ, ಅಲ್ಲೇ ಕಾವಲು ಕೂರುತ್ತದೆ. ಕಾವಲು ಬೇಕೇ ಬೇಕು, ಯಾಕಂದರೆ ಬೇರೆ ಓಲ್ಮ್‌ಗಳೇ ಮೊಟ್ಟೆ ತಿಂದುಬಿಡುತ್ತವೆ. 2016ರ ಜನವರಿ 30ರಂದು ಪೊಸ್ಟೋಯ್ನಾದ ಗೈಡ್ ಒಬ್ಬರು ಪ್ರದರ್ಶನದ ತೊಟ್ಟಿಯ ಗಾಜಿಗೆ ಮೊಟ್ಟೆಯೊಂದು ಅಂಟಿದ್ದನ್ನು ನೋಡಿದರು. ತಕ್ಷಣ ಉಳಿದ ಓಲ್ಮ್‌ಗಳನ್ನು ಬೇರೆಡೆಗೆ ಸಾಗಿಸಿ, ತೊಟ್ಟಿಗೆ ಬೆಳಕು ಬೀಳದಂತೆ ಮಾಡಿ, ಕತ್ತಲಲ್ಲೂ ಕಾಣುವ ಇನ್ಫ್ರಾರೆಡ್ ಕ್ಯಾಮೆರಾ ಇಟ್ಟರು. ಮುಂದಿನ ವಾರಗಳಲ್ಲಿ ತಾಯಿ ಇಟ್ಟದ್ದು ಒಟ್ಟು 64 ಮೊಟ್ಟೆ. ಎಲ್ಲವೂ ಫಲಿಸಿರಲಿಲ್ಲ, ಕೆಲವು ಕೊಳೆತವು.

ಕೊನೆಗೆ ಮೊಟ್ಟೆ ಒಡೆಯುವ ಹಂತ. ನೀರು ಎಷ್ಟು ತಣ್ಣಗಿದ್ದರೆ ಅಷ್ಟು ತಡ, 10 ಡಿಗ್ರಿಯಲ್ಲಾದರೆ ನಾಲ್ಕೂವರೆ ತಿಂಗಳು ಹಿಡಿಯಬಹುದು. ಪೊಸ್ಟೋಯ್ನಾದಲ್ಲಿ ಮೊದಲ ಮರಿ ಹೊರಬಂದಿದ್ದು ಮೇ 30ಕ್ಕೆ. ಮರಿ ಬರೀ 2 ಸೆಂಟಿಮೀಟರ್. ಮೊದಮೊದಲು ಊಟ ಬೇಡ, ಹೊಟ್ಟೆಯಲ್ಲಿ ಉಳಿದ ಮೊಟ್ಟೆಯ ಹಳದಿಯೇ ಸಾಕು. ವಿಚಿತ್ರ ಅಂದರೆ ಆಗ ಅದಕ್ಕೆ ಕಣ್ಣು ಇರುತ್ತದೆ, ಕಪ್ಪು ಚುಕ್ಕೆಯಾಗಿ ಎದ್ದು ಕಾಣುತ್ತದೆ. ಬೆಳೆಯುತ್ತಾ ಅದರ ಮೇಲೆ ಚರ್ಮ ಮುಚ್ಚಿಕೊಳ್ಳುತ್ತದೆ. ಕಪ್ಪೆಮರಿ ಬೆಳೆದಂತೆ ಅದರ ಕಿವಿರು ಮಾಯವಾಗುತ್ತದಲ್ಲ, ಓಲ್ಮ್‌ಗೆ ಹಾಗಾಗುವುದಿಲ್ಲ, ಮುದಿಯಾದರೂ ಆ ಕುಚ್ಚು ಹಾಗೇ ಇರುತ್ತದೆ.

ಪೊಸ್ಟೋಯ್ನಾದಲ್ಲಿ ಬದುಕುಳಿದವು 21 ಮರಿಗಳು. ಅವು ಮೊಟ್ಟೆಯಿಡುವ ವಯಸ್ಸಿಗೆ ಬರುವುದು 2031ರ ಸುಮಾರಿಗೆ.