ಕೊಡಗಿನಲ್ಲಿ ಕೋವಿ ಒಯ್ಯುವುದು: ಅಂಗಳಕ್ಕೆ ಒಂದು ರೀತಿ, ರಸ್ತೆಗೆ ಇನ್ನೊಂದು

ಗಂಡು ಮಗು ಹುಟ್ಟಿದರೆ ಒಂದು ಗುಂಡು, ಮನೆಯಲ್ಲಿ ಸಾವಾದರೆ ಎರಡು. ಕೈಲ್‌ಪೊಳ್ದ್ (ಆಯುಧ ಪೂಜೆಯ ಹಬ್ಬ) ದಿನ ನಳಿಗೆಯ ಬಾಯಿಗೆ ತೋಕ್‌ಪೂ (ಕೋವಿ ಹೂ), ಸುಗ್ಗಿ ಹಬ್ಬ ಪುತ್ತರಿಗೆ ಕದಿರು ಕೊಯ್ಯುವಾಗ ಗದ್ದೆಯಲ್ಲಿ ಒಂದು ಈಡು. ಇಷ್ಟು ಬಳಕೆಯಲ್ಲಿರುವ ಕೋವಿಯ ಬಗ್ಗೆ ಕೊಡಗಿನಲ್ಲಿ ಒಂದು ಮಾತು ಸುಲಭವಾಗಿ ಓಡಾಡುತ್ತದೆ: "ನಮಗೆ ಲೈಸೆನ್ಸ್ ಬೇಡ, ಹೆಗಲಿಗೆ ಹಾಕಿಕೊಂಡು ಎಲ್ಲಿಗೆ ಬೇಕಾದರೂ ಹೋಗಬಹುದು." ಇದರಲ್ಲಿ ಮೊದಲ ಅರ್ಧ ಸರಿ, ಎರಡನೆಯ ಅರ್ಧ ತಪ್ಪು. ಗೋಣಿಕೊಪ್ಪದ ಸಂತೆಗೋ ಮಡಿಕೇರಿ ಬಸ್ ನಿಲ್ದಾಣಕ್ಕೋ ಕೋವಿ ಕಾಣುವಂತೆ ಹೋಗುವ ಹಕ್ಕನ್ನು ಯಾವ ವಿನಾಯಿತಿಯೂ ಕೊಟ್ಟಿಲ್ಲ.

ವಿನಾಯಿತಿ ಯಾವುದಕ್ಕೆ, ಯಾವುದಕ್ಕಲ್ಲ

1861ರಲ್ಲಿ ಬ್ರಿಟಿಷರು ನಿರಾಯುಧೀಕರಣ ಕಾನೂನಿನಿಂದ ಕೊಡವರನ್ನು ಹೊರಗಿಟ್ಟರು. ಸ್ವಾತಂತ್ರ್ಯದ ನಂತರ 1959ರ ಶಸ್ತ್ರಾಸ್ತ್ರ ಕಾಯ್ದೆ ಬಂತು. ಅದರ ಸೆಕ್ಷನ್ 41 ಕೇಂದ್ರ ಸರ್ಕಾರಕ್ಕೆ ವಿನಾಯಿತಿ ಕೊಡುವ ಅಧಿಕಾರ ಕೊಡುತ್ತದೆ. ಅದನ್ನು ಬಳಸಿ ಕೊಡವರಿಗೂ ಜಮ್ಮಾ (ವಂಶಪಾರಂಪರ್ಯದ ಜಮೀನು) ಹಿಡುವಳಿದಾರರಿಗೂ ಸೆಕ್ಷನ್ 3 ಮತ್ತು 4ರಿಂದ ಬಿಡುಗಡೆ ಕೊಡಲಾಗಿದೆ. 2019ರ ಅಕ್ಟೋಬರ್‌ನಲ್ಲಿ ಹೊರಟ ಅಧಿಸೂಚನೆ ಇದನ್ನು 2029ರವರೆಗೆ ವಿಸ್ತರಿಸಿತು. ಪ್ರಶ್ನಿಸಿ ಹಾಕಿದ್ದ ಅರ್ಜಿಯನ್ನು ಕರ್ನಾಟಕ ಹೈಕೋರ್ಟ್ 2021ರ ಸೆಪ್ಟೆಂಬರ್‌ನಲ್ಲಿ ತಳ್ಳಿಹಾಕಿ ವಿನಾಯಿತಿಯನ್ನು ಎತ್ತಿಹಿಡಿಯಿತು. ಇದು ಕೊಡವರಿಗಷ್ಟೇ ಎಂದು ಹೊರಗಿನವರು ತಿಳಿಯುವುದುಂಟು. ಜಮ್ಮಾ ಇರುವ ಅರೆಭಾಷೆ ಗೌಡರೂ ಬೇರೆ ಸಮುದಾಯದವರೂ ಇದರೊಳಗೆ ಬರುತ್ತಾರೆ.

ಸೆಕ್ಷನ್ 3 ಮತ್ತು 4 ಎಂಬ ಆ ಎರಡು ಅಂಕಿಗಳನ್ನು ನೆನಪಿಡಿ. ಲೈಸೆನ್ಸ್ ಬೇಕು ಎನ್ನುವುದು ಆ ಸೆಕ್ಷನ್‌ಗಳು. ಕಾಯ್ದೆಯ ಉಳಿದ ಭಾಗ ಎಲ್ಲರಿಗೂ ಇದ್ದಂತೆ ನಿಮಗೂ ಇದೆ. ಸೆಕ್ಷನ್ 9ರ ಪ್ರಕಾರ 21 ವರ್ಷ ತುಂಬದವರು ಬಂದೂಕು ಇಟ್ಟುಕೊಳ್ಳುವಂತಿಲ್ಲ. ಒಕ್ಕ (ಕುಲ, ಮನೆತನ) ಎಷ್ಟೇ ಹಳೆಯದಾಗಿದ್ದರೂ ಹತ್ತೊಂಬತ್ತರ ಹುಡುಗನ ಹೆಸರಿಗೆ ಕೋವಿ ಬರುವುದಿಲ್ಲ. ಪಿಸ್ತೂಲು, ರಿವಾಲ್ವರ್ ವಿಷಯದಲ್ಲಂತೂ ಊಹೆ ಬೇಡ: ಅಧಿಸೂಚನೆ ಮಾತಾಡುವುದು ರೈಫಲ್ ಮತ್ತು ನಯ ನಳಿಗೆಯ (ಒಳಗೆ ತಿರುವು ಗೀರುಗಳಿಲ್ಲದ) ಕೋವಿಯ ಬಗ್ಗೆ. ಕೊಳ್ಳುವ ಮೊದಲೇ ಜಿಲ್ಲಾಧಿಕಾರಿ ಕಚೇರಿಯಲ್ಲಿ ಬರಹದಲ್ಲಿ ಕೇಳಿ.

ವಿನಾಯಿತಿ ಇದೆ ಎಂದು ಬಾಯಲ್ಲಿ ಹೇಳಿದರೆ ಸಾಲದು. ಮಡಿಕೇರಿಯ ಜಿಲ್ಲಾಧಿಕಾರಿ ಕಚೇರಿಯಿಂದ ವಿನಾಯಿತಿ ಪತ್ರ ಮಾಡಿಸಿಕೊಳ್ಳಬೇಕು. ಕೊಡವರಾದರೆ ಜಾತಿ ದೃಢೀಕರಣ, ಜಮ್ಮಾ ಆಧಾರದ ಮೇಲಾದರೆ ಹಿಡುವಳಿಯ ದಾಖಲೆ ಮತ್ತು ಪಹಣಿ, ಜೊತೆಗೆ ಗುರುತಿನ ಚೀಟಿ, ಭಾವಚಿತ್ರ. ಕಂದಾಯ ಇಲಾಖೆ ಮತ್ತು ಪೊಲೀಸರ ವರದಿ ಬಂದ ಮೇಲೆ ಪತ್ರ ಕೈಸೇರುತ್ತದೆ. ಹೆಚ್ಚಾಗಿ ತಡವಾಗುವುದು ಪಹಣಿಯಲ್ಲಿ: ಜಮ್ಮಾ ಭೂಮಿ ಇನ್ನೂ ಅಜ್ಜನ ಅಥವಾ ಪಟ್ಟೆದಾರನ (ಒಕ್ಕದ ಹಿರಿಯ) ಹೆಸರಿನಲ್ಲೇ ಇರುತ್ತದೆ, ಅರ್ಜಿದಾರನ ಹೆಸರಿಗೂ ಅದಕ್ಕೂ ಕೊಂಡಿ ಸಿಗುವುದಿಲ್ಲ. ವಂಶವೃಕ್ಷವನ್ನು ಮೊದಲೇ ಮಾಡಿಸಿ ಅರ್ಜಿಗೆ ಲಗತ್ತಿಸಿದರೆ ಒಂದು ಸುತ್ತು ಓಡಾಟ ಉಳಿಯುತ್ತದೆ. ಪತ್ರ ಬಂದ ದಿನ ಮಾಡುವ ಮೊದಲ ಕೆಲಸ, ಅದರಲ್ಲಿ ಬರೆದ ನಂಬರ್ ಮತ್ತು ನಳಿಗೆಯ ಮೇಲೆ ಕೊರೆದ ನಂಬರ್ ಎರಡನ್ನೂ ಬೆಳಕಿನಲ್ಲಿ ಹಿಡಿದು ಹೋಲಿಸುವುದು. ಹಳೆಯ ಕೋವಿಗಳಲ್ಲಿ 8 ಸವೆದು 3ರಂತೆ ಕಾಣುತ್ತದೆ. ತಪ್ಪಿದ್ದರೆ ಆಗಲೇ ತಿದ್ದಿಸಿ.

ವಿನಾಯಿತಿಗೆ ಬಾರದ ಕೊಡಗಿನವರು ಎಲ್ಲರಂತೆ ನಮೂನೆ ಎ-1ರಲ್ಲಿ ಜಿಲ್ಲಾಧಿಕಾರಿಗೆ ಅರ್ಜಿ ಹಾಕಬೇಕು. 2019ರ ತಿದ್ದುಪಡಿಯ ನಂತರ ಲೈಸೆನ್ಸ್ ಅವಧಿ 5 ವರ್ಷ, ಒಬ್ಬರಿಗೆ ಗರಿಷ್ಠ ಎರಡು ಬಂದೂಕು. ಲೈಸೆನ್ಸೂ ಇಲ್ಲದೆ ವಿನಾಯಿತಿಯೂ ಇಲ್ಲದೆ ಸಿಕ್ಕಿಬಿದ್ದರೆ ಕನಿಷ್ಠ 2 ವರ್ಷ, ಗರಿಷ್ಠ 5 ವರ್ಷ ಜೈಲು.

ಸಾರ್ವಜನಿಕ ಜಾಗದಲ್ಲಿ ಕೋವಿ ಕಾಣಬಾರದು

2016ರ ಶಸ್ತ್ರಾಸ್ತ್ರ ನಿಯಮಗಳ 32ನೇ ನಿಯಮ ಇಡೀ ವಿಷಯದ ಬೇರು. ಅದು ಲೈಸೆನ್ಸ್‌ದಾರರಿಗೆ ಮಾತ್ರ ಹೇಳಿದ್ದಲ್ಲ. ಯಾವ ವ್ಯಕ್ತಿಯೂ ಸಾರ್ವಜನಿಕ ಸ್ಥಳದಲ್ಲಿ ಬಂದೂಕನ್ನು ಹೀಗಲ್ಲದೆ ಒಯ್ಯಬಾರದು ಎಂದೇ ಅದು ಶುರುವಾಗುತ್ತದೆ. ಉದ್ದ ಬಂದೂಕಾದರೆ ಅದಕ್ಕೆಂದೇ ಮಾಡಿದ ಚೀಲ ಅಥವಾ ಪೆಟ್ಟಿಗೆಯಲ್ಲಿರಬೇಕು, ಪೂರ್ತಿ ಮುಚ್ಚಿರಬೇಕು, ಒಯ್ಯುವವನ ಹತೋಟಿಯಲ್ಲಿರಬೇಕು. ಗೋಣಿಚೀಲದಲ್ಲಿ ಸುತ್ತಿದರೆ ಅದಕ್ಕೆಂದೇ ಮಾಡಿದ ಚೀಲ ಎನಿಸುವುದಿಲ್ಲ. ಹಿಡಿ ಹೊರಗೆ ಚಾಚಿಕೊಂಡಿದ್ದರೆ ಪೂರ್ತಿ ಮುಚ್ಚಿದಂತಾಗುವುದಿಲ್ಲ. ಜೀಪಿನ ಹಿಂದಿನ ಸೀಟಿನಲ್ಲಿ ಬಿಟ್ಟು ಕಾಫಿ ಕುಡಿಯಲು ಹೋಟೆಲಿಗೆ ಹೋದರೆ ಅದು ನಿಮ್ಮ ಹತೋಟಿಯಲ್ಲಿಲ್ಲ.

ಐನ್‌ಮನೆಯ (ಒಕ್ಕದ ಮೂಲ ಮನೆ) ಅಂಗಳ, ನಿಮ್ಮ ತೋಟ, ನಿಮ್ಮ ಗದ್ದೆ ಸಾರ್ವಜನಿಕವಲ್ಲ. ಆದರೆ ಎರಡು ತೋಟಗಳ ನಡುವಿನ ಪಂಚಾಯಿತಿ ರಸ್ತೆ ಸಾರ್ವಜನಿಕವೇ. ಸಾಂಪ್ರದಾಯಿಕ ಉಡುಪಾದ ಕುಪ್ಯಚೇಲೆ ಉಟ್ಟು, ಕೋವಿ ಹೆಗಲಿಗೇರಿಸಿ ದೇವಸ್ಥಾನಕ್ಕೆ ಮೆರವಣಿಗೆ ಹೊರಡುವ ಆಚರಣೆಯಿದ್ದರೆ ಸಂಘಟಕರು ಮೊದಲೇ ಠಾಣೆಗೂ ತಾಲೂಕು ಆಡಳಿತಕ್ಕೂ ಬರಹದಲ್ಲಿ ತಿಳಿಸಿ ಅನುಮತಿ ತೆಗೆದುಕೊಂಡಿರಬೇಕು. ಪ್ರತಿ ವರ್ಷ ನಡೆಯುತ್ತದಲ್ಲ ಎನ್ನುವುದು ಅನುಮತಿಯ ಜಾಗ ತುಂಬುವುದಿಲ್ಲ.

ಚೀಲಕ್ಕೆ ಹಾಕುವ ಕ್ರಮ

ಜೋಡಿ ನಳಿಗೆಯ 12 ಬೋರ್ ಕೋವಿಯಾದರೆ ಕೆಲಸ ಸುಲಭ. ನಳಿಗೆಯನ್ನು ಯಾರೂ ಇಲ್ಲದ ಕಡೆ, ನೆಲದ ಕಡೆಗೆ ತಿರುಗಿಸಿ. ಮೇಲಿನ ಚಾವಿಯನ್ನು (ತೆರೆಯುವ ಸನ್ನೆ) ಬಲಕ್ಕೆ ತಳ್ಳಿ ಕೋವಿಯನ್ನು ಕೀಲಿನಲ್ಲಿ ಬಾಗಿಸಿ ತೆರೆಯಿರಿ. ತೋಟಾ ಇದ್ದರೆ ತೆಗೆದು ಎರಡು ರಂಧ್ರಗಳ ಮೂಲಕ ಬೆಳಕು ನೋಡಿ. ಕತ್ತಲಾಗಿದ್ದರೆ ಕಿರುಬೆರಳು ಹಾಕಿ ಮುಟ್ಟಿ ನೋಡಿ. ಬೆಳಕು ಪೂರ್ತಿ ದುಂಡಗೆ ಕಾಣದಿದ್ದರೆ ಒಳಗೆ ಮಣ್ಣೋ ಕಣಜದ ಗೂಡೋ ಇದೆ. ಹಾಗೆಯೇ ಹೊಡೆದರೆ ನಳಿಗೆ ಉಬ್ಬುತ್ತದೆ, ಇಲ್ಲವೇ ಸೀಳುತ್ತದೆ. ಆಮೇಲೆ ಮುಂದಿನ ಮರದ ಹಿಡಿ ಕಳಚಿ, ನಳಿಗೆಯನ್ನು ಬೇರೆ ಮಾಡಿ. ಬಿಡಿಸಿದ ಕೋವಿಗೆ ನಳಿಗೆಯ ಉದ್ದಕ್ಕಿಂತ ಒಂದೆರಡು ಇಂಚು ಹೆಚ್ಚಿನ ಪೆಟ್ಟಿಗೆ ಸಾಕು. 30 ಇಂಚಿನ ನಳಿಗೆಗೆ 32 ಇಂಚು. ಬಿಡಿಸದೆ ಒಯ್ಯುವುದಾದರೆ 48ರಿಂದ 50 ಇಂಚಿನ ಚೀಲ ಬೇಕಾಗುತ್ತದೆ. ತೋಟಾಗಳು ಬೇರೆ ಪೆಟ್ಟಿಗೆಯಲ್ಲಿ, ಬೇರೆ ಚೀಲದಲ್ಲಿ.

ಕೇಪಿನ ಕೋವಿಯ (ಬಾಯಿಯಿಂದ ಮದ್ದು ತುಂಬಿ, ಕೇಪು ಎಂಬ ಸಿಡಿಟೊಪ್ಪಿಯಿಂದ ಹೊತ್ತಿಸುವ ಕೋವಿ) ವಿಷಯ ಬೇರೆ. ಕೇಪು ತೆಗೆದ ಮಾತ್ರಕ್ಕೆ ಅದು ಖಾಲಿಯಾಗಿಲ್ಲ. ಮದ್ದು, ಚರೆ (ಸೀಸದ ಚಿಕ್ಕ ಗುಂಡು), ಬಿರಟೆ (ಅವನ್ನು ಒತ್ತಿ ಹಿಡಿಯುವ ತುರುಕು) ಎಲ್ಲ ಒಳಗೇ ಕೂತಿರುತ್ತವೆ, ಕೋವಿಯ ಕುದುರೆ (ಕೇಪಿಗೆ ಬಡಿಯುವ ಸುತ್ತಿಗೆ) ಬಡಿದ ಒಂದು ಕಿಡಿ ಸಾಕು. ಅದಕ್ಕೆ ಹಳಬರ ಉಪಾಯವೊಂದಿದೆ, ಈಗಲೂ ಅದಕ್ಕಿಂತ ಒಳ್ಳೆಯದು ಇಲ್ಲ. ನಳಿಗೆ ಖಾಲಿ ಇದೆ ಎಂದು ಖಚಿತವಾಗಿ ಗೊತ್ತಿರುವ ದಿನ ಗಜಕಡ್ಡಿಯನ್ನು (ಮದ್ದು ಒತ್ತುವ ಉದ್ದ ಕಡ್ಡಿ) ತಳ ಮುಟ್ಟುವವರೆಗೆ ಇಳಿಸಿ, ನಳಿಗೆಯ ಬಾಯಿಗೆ ಸರಿಯಾಗಿ ಕಡ್ಡಿಗೆ ಕೆಂಪು ದಾರ ಸುತ್ತಿ ಅಂಟಿಸಿ. ಮುಂದೆ ಪ್ರತಿ ಸಲ ಕಡ್ಡಿ ಇಳಿಸಿದಾಗ ದಾರ ಬಾಯಿಗೆ ಕೂತರೆ ಖಾಲಿ. ಎರಡು ಮೂರು ಬೆರಳು ಮೇಲೆ ನಿಂತರೆ ಈಡು ತುಂಬಿದೆ. ಕಡ್ಡಿ ಇಳಿಸುವಾಗ ಮುಖವೂ ಅಂಗೈಯೂ ಬಾಯಿಯ ನೇರಕ್ಕೆ ಬರಬಾರದು. ಎರಡು ಬೆರಳಲ್ಲಿ ಹಿಡಿದು ಬಿಡಿ. ತುಂಬಿದ ಕೇಪಿನ ಕೋವಿಯನ್ನು ವಾಹನಕ್ಕೆ ಹತ್ತಿಸಲೇಬೇಡಿ.

ಮನೆ ತಲುಪಿದ ಮೇಲೆ ಚೀಲದಿಂದ ಹೊರತೆಗೆದು ಇಡಿ. ಕಕ್ಕಡದ (ಮಳೆಗಾಲದ ತಿಂಗಳು) ಮಳೆಯಲ್ಲಿ ಒದ್ದೆಯಾದ ರೆಕ್ಸಿನ್ ಚೀಲದೊಳಗೆ ಎರಡು ದಿನ ಬಿಟ್ಟರೆ ನಳಿಗೆಗೆ ತುಕ್ಕು ಹತ್ತುತ್ತದೆ.

ದಾರಿ ಆರಿಸುವುದು

ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972ರ ಸೆಕ್ಷನ್ 31ರ ಪ್ರಕಾರ ಅಭಯಾರಣ್ಯದೊಳಗೆ ಮುಖ್ಯ ವನ್ಯಜೀವಿ ಪರಿಪಾಲಕರ ಅಥವಾ ಅಧಿಕೃತ ಅಧಿಕಾರಿಯ ಲಿಖಿತ ಅನುಮತಿಯಿಲ್ಲದೆ ಆಯುಧ ಒಯ್ಯುವಂತಿಲ್ಲ. ರಾಷ್ಟ್ರೀಯ ಉದ್ಯಾನಕ್ಕೂ ಇದೇ ನಿಯಮ. ಕೊಡಗಿನ ಸುತ್ತ ಇದು ಸಣ್ಣ ಮಾತಲ್ಲ. ಬ್ರಹ್ಮಗಿರಿ, ಪುಷ್ಪಗಿರಿ, ತಲಕಾವೇರಿ ಅಭಯಾರಣ್ಯಗಳು, ಪೂರ್ವಕ್ಕೆ ನಾಗರಹೊಳೆ. ಗೋಣಿಕೊಪ್ಪದಿಂದ ತಿತಿಮತಿ, ಆನೆಚೌಕೂರು ಮೂಲಕ ಹುಣಸೂರಿಗೆ ಹೋಗುವ ರಸ್ತೆ ಆ ಕಾಡನ್ನೇ ಸೀಳುತ್ತದೆ. ಕುಟ್ಟದಿಂದ ತೋಲ್ಪೆಟ್ಟಿಗೆ ಇಳಿದರೆ ವಯನಾಡು ಅಭಯಾರಣ್ಯ. ರಿಪೇರಿಗೆಂದು ಮೈಸೂರಿಗೆ ಕೋವಿ ಒಯ್ಯುವವರು ಕುಶಾಲನಗರ, ಪಿರಿಯಾಪಟ್ಟಣ, ಹುಣಸೂರು ದಾರಿ ಹಿಡಿಯುವುದೇ ಜಾಣತನ. ಸುತ್ತಾದರೂ ಗೇಟಿನಲ್ಲಿ ವಿವರಣೆ ಕೊಡುವ ಕೆಲಸವಿಲ್ಲ.

ಜಿಲ್ಲೆಯ ಹೊರಗೆ ವಿನಾಯಿತಿಗೆ ಮಿತಿ ಇದೆ: ಒಂದು ರೈಫಲ್ ಮತ್ತು 100 ಗುಂಡು, ಒಂದು ನಯ ನಳಿಗೆಯ ಕೋವಿ ಮತ್ತು 500 ತೋಟಾ ಅಥವಾ ಅದಕ್ಕೆ ಸಮನಾದ ಚರೆ, ಮದ್ದು. ಹೊರ ಜಿಲ್ಲೆಯ ಪೇದೆಗೆ ಈ ವಿನಾಯಿತಿಯ ಸುದ್ದಿಯೇ ಗೊತ್ತಿಲ್ಲದಿರಬಹುದು. ಮೂಲ ಪತ್ರದ ಜೊತೆಗೆ ಅಧಿಸೂಚನೆಯ ಒಂದು ಪ್ರತಿ ಇಟ್ಟುಕೊಳ್ಳಿ.

ತಡೆದರೆ ಏನು? ಶಸ್ತ್ರಾಸ್ತ್ರ ಕಾಯ್ದೆಯ ಸೆಕ್ಷನ್ 19ರಲ್ಲಿ ಯಾವ ಪೊಲೀಸ್ ಅಧಿಕಾರಿಯೂ ದಾಖಲೆ ಕೇಳಬಹುದು. ಲೈಸೆನ್ಸ್ ಇಲ್ಲದೆ ಒಯ್ಯಲು ಅರ್ಹನೆಂದು ತೋರಿಸುವ ಹೊಣೆ ನಿಮ್ಮದು. ತೋರಿಸದಿದ್ದರೆ ಕೋವಿ ವಶಪಡಿಸಿಕೊಳ್ಳುವ ಅಧಿಕಾರ ಅವರದು. ಗಾಡಿ ನಿಲ್ಲಿಸಿ, ಕೋವಿ ಇದೆ ಎಂದು ಮೊದಲು ಬಾಯಲ್ಲಿ ಹೇಳಿ, ಕಾಗದ ಕೊಡಿ. ತೋರಿಸಲೆಂದು ನೀವಾಗಿ ಚೀಲ ಬಿಚ್ಚಲು ಕೈ ಹಾಕಬೇಡಿ, ಅವರು ಹೇಳಿದ ಮೇಲೆ ಬಿಚ್ಚಿ. ವಶಪಡಿಸಿಕೊಂಡರೆ ವಾದ ಬೇಡ, ನಂಬರ್ ಬರೆದ ರಸೀದಿ ಬೇಕು.

ಮದುವೆ, ಹಬ್ಬ, ಚುನಾವಣೆ

ಅದೇ 32ನೇ ನಿಯಮ ಮದುವೆ, ಜಾತ್ರೆ, ಮೆರವಣಿಗೆ, ಸಾರ್ವಜನಿಕ ಸಮಾರಂಭಗಳಲ್ಲಿ ಕೋವಿ ಝಳಪಿಸುವುದನ್ನೂ ಹಾರಿಸುವುದನ್ನೂ ನಿಷೇಧಿಸುತ್ತದೆ, ಬರೀ ಮದ್ದಿನ ಗುಂಡೂ ಸೇರಿ. ಸಂಭ್ರಮಕ್ಕೆ ಹಾರಿಸಿ ಇತರರ ಜೀವಕ್ಕೆ ಅಪಾಯ ತಂದರೆ ಶಸ್ತ್ರಾಸ್ತ್ರ ಕಾಯ್ದೆಯ ಸೆಕ್ಷನ್ 25(9)ರಡಿ 2 ವರ್ಷದವರೆಗೆ ಜೈಲು, ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಬಾಡಿಗೆಯ ಕಲ್ಯಾಣ ಮಂಟಪದಲ್ಲಿ ನೆಂಟರಿಷ್ಟರ ಮೊಬೈಲ್ ಮುಂದೆ ಹಾರಿಸುವುದು ಪದ್ಧತಿಯಲ್ಲ, ಸಾಕ್ಷಿ ಒದಗಿಸುವುದು. ಚರೆಯಿಲ್ಲದ ಈಡಿನಿಂದ ಏನೂ ಆಗದು ಎಂಬ ನಂಬಿಕೆಯೂ ಬೇಡ. ಹತ್ತಿರದಲ್ಲಿ ಬಿರಟೆ ಮತ್ತು ಬೆಂಕಿ ಕಣ್ಣು ತೆಗೆಯುತ್ತವೆ. ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಯಿದ್ದರೆ ಠಾಣೆಗೆ ತಿಳಿಸಿ, ಮರದ ಹಿಂದೆ ಮನೆಯೂ ದಾರಿಯೂ ಇಲ್ಲದ ಜಾಗ ಆರಿಸಿ, ಕೋವಿ ತುಂಬುವುದು ಹೊಡೆಯುವ ಗೆರೆಯಲ್ಲಿ ನಿಂತ ಮೇಲೆಯೇ.

ಚುನಾವಣೆ ಘೋಷಣೆಯಾದರೆ ಜಿಲ್ಲಾಧಿಕಾರಿಯ ಆದೇಶ ಓದಿ. ಠೇವಣಿ ಇಡಲು ಹೇಳಿದ್ದರೆ ಇಡಿ, ರಸೀದಿಯಲ್ಲಿ ಕೋವಿಯ ಸ್ಥಿತಿಯನ್ನೂ ಬರೆಸಿ. ಮತದಾನದ ದಿನ ಮತಗಟ್ಟೆಯ ಸುತ್ತಮುತ್ತ ಆಯುಧ ಹಿಡಿದು ಹೋಗುವುದು ಪ್ರಜಾಪ್ರತಿನಿಧಿ ಕಾಯ್ದೆಯ ಸೆಕ್ಷನ್ 134ಬಿ ಪ್ರಕಾರ ಬೇರೆಯೇ ಅಪರಾಧ.

ಬೇರೆಯವರ ಕೈಗೆ

ಕಾಫಿ ಹಣ್ಣಾಗುವ ಕಾಲದಲ್ಲಿ, ಭತ್ತದ ಗದ್ದೆಗೆ ಹಂದಿ ನುಗ್ಗುವಾಗ ಹೆಚ್ಚಾಗಿ ನಡೆಯುವ ತಪ್ಪು ಇದು: ಕೋವಿ ಯಜಮಾನರದು, ಕಾವಲು ಕೆಲಸದವನದು. ವಿನಾಯಿತಿ ಕೋವಿಗಲ್ಲ, ವ್ಯಕ್ತಿಗೆ. ಕೆಲಸದವನ ಕೈಗೆ ಬಂದ ಕ್ಷಣ ಅದು ಲೈಸೆನ್ಸ್ ಇಲ್ಲದ ಬಂದೂಕು. ಅವನ ಮೇಲೂ ಕೇಸು, ಕೊಟ್ಟವರ ಮೇಲೂ ಕೇಸು. ಹಂದಿಗೆ ಹೊಡೆಯಲು ಅರಣ್ಯ ಇಲಾಖೆಯ ಲಿಖಿತ ಅನುಮತಿ ಬೇರೆಯೇ ಬೇಕು. ರಿಪೇರಿಗೆ ಕೊಟ್ಟು ಕಳಿಸುವುದಾದರೆ ನಿಮ್ಮ ಸಹಿಯ ಪತ್ರ ಜೊತೆಗಿರಲಿ: ಯಾರ ಕೋವಿ, ಯಾವ ನಂಬರ್, ಯಾರು ಒಯ್ಯುತ್ತಿದ್ದಾರೆ, ಎಲ್ಲಿಗೆ.

ಯಜಮಾನರು ತೀರಿಕೊಂಡಾಗ ಕೋವಿ ಐನ್‌ಮನೆಯ ಕೋಣೆಯಲ್ಲೇ ವರ್ಷಗಟ್ಟಲೆ ಉಳಿದುಬಿಡುತ್ತದೆ. ಶಸ್ತ್ರಾಸ್ತ್ರ ಕಾಯ್ದೆಯ ಸೆಕ್ಷನ್ 21ರಂತೆ ಅದನ್ನು ತಡಮಾಡದೆ ಹತ್ತಿರದ ಠಾಣೆಯಲ್ಲಿ ಅಥವಾ ಲೈಸೆನ್ಸ್ ಇರುವ ವ್ಯಾಪಾರಿಯಲ್ಲಿ ಠೇವಣಿ ಇಡಬೇಕು. ಮಗನ ಹತ್ತಿರ ಸ್ವಂತ ವಿನಾಯಿತಿ ಪತ್ರವಿದ್ದರೂ ಅದರಲ್ಲಿ ಈ ಕೋವಿಯ ನಂಬರ್ ಸೇರುವವರೆಗೆ ಅದು ಅವನದಾಗುವುದಿಲ್ಲ. ಮರಣ ಪತ್ರ, ವಂಶವೃಕ್ಷ, ಉಳಿದ ವಾರಸುದಾರರ ಒಪ್ಪಿಗೆ ಮತ್ತು ಠೇವಣಿ ರಸೀದಿ ಇಟ್ಟು ಅರ್ಜಿ ಹಾಕಿ. ಠಾಣೆಗೆ ಒಯ್ಯುವಾಗಲೂ ಚೀಲದಲ್ಲೇ. ಕೇಪಿನ ಕೋವಿಯಾದರೆ ಮೊದಲು ಗಜಕಡ್ಡಿ ಇಳಿಸಿ ದಾರ ನೋಡಿ.